ನಲವತ್ತೈದು ದಿನ ಕಾದ ಒಂದು ಸೀಸೆ: ವಾಡಾ ಅಧ್ಯಕ್ಷರಿಗೆ ಬಹಿರಂಗ ಪತ್ರ

ಗೆ,
ಅಧ್ಯಕ್ಷರು,
ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ (ವಾಡಾ),
ಮಾಂಟ್ರಿಯಲ್, ಕೆನಡಾ

ಮಾನ್ಯರೇ,

ನಾನು ಮೈಸೂರಿನವಳು. ವೈದ್ಯೆಯಲ್ಲ, ವಕೀಲೆಯಲ್ಲ, ಹಿಮದ ಮೇಲೆ ಒಂದು ಹೆಜ್ಜೆ ಇಟ್ಟವಳೂ ಅಲ್ಲ. ನನ್ನ ಮಗಳು ರೋಲರ್ ಸ್ಕೇಟಿಂಗ್ ಕಲಿಯುತ್ತಾಳೆ. ವಾರದಲ್ಲಿ ಐದು ದಿನ ಬೆಳಗಿನ ಐದೂವರೆಗೆ ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ರಿಂಕಿಗೆ ಹೋಗುತ್ತೇನೆ, ಅವಳು ಸುತ್ತು ಹಾಕುವಷ್ಟು ಹೊತ್ತು ಕಟ್ಟೆಯ ಮೇಲೆ ಕೂತು ಫ್ಲಾಸ್ಕಿನ ಕಾಫಿ ಕುಡಿಯುತ್ತೇನೆ, ಇಷ್ಟೇ ನನಗೂ ಈ ಆಟಕ್ಕೂ ಇರುವ ನಂಟು. ಆದರೂ ನಾಲ್ಕು ವರ್ಷದಿಂದ ಒಂದು ವಿಷಯ ನನ್ನನ್ನು ಬಿಟ್ಟಿಲ್ಲ. ಅದನ್ನು ನಿಮಗೇ ಬರೆಯಬೇಕು ಅನಿಸಿತು, ಯಾಕೆಂದರೆ ಆ ನಿಯಮಗಳನ್ನು ಬರೆಯುವವರು ನೀವು.

2022ರ ಫೆಬ್ರವರಿ 17ರ ಸಂಜೆ. ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಫಿಗರ್ ಸ್ಕೇಟಿಂಗ್ ಕೊನೆಯ ಸುತ್ತು. ನಾನೂ ಮಗಳೂ ಅಡುಗೆಮನೆಯಲ್ಲಿ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿಕೊಂಡು ನೋಡುತ್ತಿದ್ದೆವು. ರಷ್ಯಾದ ಕಮಿಲಾ ವಲಿಯೆವಾ ಕೊನೆಯವಳಾಗಿ ಬಂದಳು. ವಯಸ್ಸು ಹದಿನೈದು. ಎರಡು ದಿನ ಮೊದಲು ಮೊದಲ ಸುತ್ತಿನಲ್ಲಿ 82.16 ಅಂಕ ಪಡೆದು ಎಲ್ಲರಿಗಿಂತ ಮುಂದಿದ್ದವಳು. ಅದಕ್ಕೂ ಎಂಟು ದಿನ ಹಿಂದೆ ತಂಡ ಸ್ಪರ್ಧೆಯಲ್ಲಿ ಗಾಳಿಯಲ್ಲಿ ನಾಲ್ಕು ಸುತ್ತು ತಿರುಗಿ ಇಳಿದಿದ್ದಳು, ಒಲಿಂಪಿಕ್ಸ್‌ನಲ್ಲಿ ಅದನ್ನು ಮಾಡಿದ ಮೊದಲ ಮಹಿಳೆ ಅವಳೇ. ಆದರೆ ಈ ಕೊನೆಯ ಸುತ್ತಿನಲ್ಲಿ ಬಿದ್ದಳು. ಎದ್ದಳು. ಮತ್ತೆ ಎಡವಿದಳು, ಮತ್ತೆ ಬಿದ್ದಳು. ಕೊನೆಗೆ ಒಟ್ಟು 224.09 ಅಂಕದೊಂದಿಗೆ ನಾಲ್ಕನೇ ಸ್ಥಾನ. ಹಿಮದಿಂದ ಈಚೆ ಬರುತ್ತಿದ್ದ ಹಾಗೇ ಅವಳ ಕೋಚ್ ಎಟೆರಿ ಟುಟ್ಬೆರಿಡ್ಜೆ ಕೇಳಿದ್ದು, ಯಾಕೆ ಹೋರಾಡುವುದನ್ನು ನಿಲ್ಲಿಸಿದೆ ಅಂತ. ಅದನ್ನು ಇಡೀ ಜಗತ್ತೇ ಟಿವಿಯಲ್ಲಿ ಕೇಳಿತು. ನನ್ನ ಮಗಳಿಗೆ ಆಗ ಒಂಬತ್ತು ವರ್ಷ. "ಅವಳ ಅಮ್ಮ ಎಲ್ಲಿ?" ಅಂದಳು. ಕೋವಿಡ್ ಕಾರಣಕ್ಕೆ ಹೊರದೇಶದ ಪ್ರೇಕ್ಷಕರನ್ನು ಬಿಟ್ಟಿಲ್ಲ ಅಂತ ಹೇಳಿದೆ. ಅವಳಿಗೆ ಆ ಉತ್ತರ ಸಾಕಾಗಲಿಲ್ಲ, ನನಗೂ ಸಾಕಾಗಲಿಲ್ಲ.

ಅವಳ ಮೂತ್ರದ ಮಾದರಿಯಲ್ಲಿ ನಿಷೇಧಿತ ಮದ್ದು ಸಿಕ್ಕಿತ್ತು. ಅವಳು ತಪ್ಪೇ ಮಾಡಿಲ್ಲ ಅಂತ ವಾದ ಮಾಡುವುದಕ್ಕೆ ನಾನು ಬರೆಯುತ್ತಿಲ್ಲ. ಅದನ್ನು ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿರುವ ಕ್ರೀಡಾ ನ್ಯಾಯಮಂಡಳಿ, ಅಂದರೆ ಸಿಎಎಸ್, ತೀರ್ಮಾನ ಮಾಡಿಯಾಗಿದೆ. ನನ್ನ ದೂರು ಇರುವುದು ಆ ಮಾದರಿ ಇದ್ದ ಸೀಸೆಯ ಬಗ್ಗೆ. ಅದು ಕಾದ ದಿನಗಳ ಬಗ್ಗೆ.

ದಿನಾಂಕಗಳನ್ನು ಒಂದು ಸಲ ಸಾಲಾಗಿ ಇಟ್ಟು ನೋಡಿ. 2021ರ ಡಿಸೆಂಬರ್ 25ರಂದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ರಷ್ಯಾದ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಯುವಾಗ ಅವಳ ಮೂತ್ರದ ಮಾದರಿ ತೆಗೆದುಕೊಂಡರು. ತೆಗೆದುಕೊಂಡದ್ದು ರುಸಾಡಾ, ಆ ದೇಶದ ಮದ್ದು ತಡೆ ಸಂಸ್ಥೆ. ಡಿಸೆಂಬರ್ 29ಕ್ಕೆ ಅದು ಸ್ವೀಡನ್‌ನ ಸ್ಟಾಕ್‌ಹೋಮ್ ಪ್ರಯೋಗಾಲಯ ತಲುಪಿತು. ನಿಮ್ಮ ಮಾನ್ಯತೆ ಪಡೆದ ಪ್ರಯೋಗಾಲಯ. ಮಾದರಿ ಬಂದ 20 ದಿನದೊಳಗೆ ಫಲಿತಾಂಶ ಕೊಡಬೇಕು ಅನ್ನುವುದು ನೀವೇ ಹಾಕಿಕೊಂಡ ಲೆಕ್ಕ. ಹಾಗೆ ನೋಡಿದರೆ ಜನವರಿ 18ಕ್ಕೆ ಎಲ್ಲ ಮುಗಿದಿರಬೇಕಿತ್ತು. ಒಲಿಂಪಿಕ್ಸ್ ಶುರುವಾದದ್ದು ಫೆಬ್ರವರಿ 4ಕ್ಕೆ. ನಡುವೆ ಹದಿನೇಳು ದಿನ ಇತ್ತು. ಹದಿನೇಳು ದಿನದಲ್ಲಿ ವಿಚಾರಣೆ ಮಾಡಬಹುದಿತ್ತು, ಅವಳ ಬದಲಿಗೆ ಇನ್ನೊಬ್ಬಳನ್ನು ಕಳಿಸಬಹುದಿತ್ತು, ಏನಿಲ್ಲವೆಂದರೂ ಆ ಹುಡುಗಿ ಮನೆಯಲ್ಲಿ, ಕ್ಯಾಮೆರಾಗಳಿಂದ ದೂರ ಕೂತು ಅಳಬಹುದಿತ್ತು.

ಆದರೆ ಫಲಿತಾಂಶ ಬಂದದ್ದು ಫೆಬ್ರವರಿ 8ಕ್ಕೆ. ಮಾದರಿ ಕೊಟ್ಟು ಸರಿಯಾಗಿ 45 ದಿನ ಆಗಿತ್ತು. ತಂಡ ಸ್ಪರ್ಧೆ ಹಿಂದಿನ ದಿನವಷ್ಟೇ ಮುಗಿದಿತ್ತು. ರಷ್ಯಾದವರು 74 ಅಂಕ ಗಳಿಸಿ ಮೊದಲು, ಅಮೆರಿಕ 65, ಜಪಾನ್ 63. ಪದಕ ಕೊಡುವ ಕಾರ್ಯಕ್ರಮಕ್ಕೆ ಎಲ್ಲ ತಯಾರಿ ಆಗಿತ್ತು, ಅದನ್ನು ನಿಲ್ಲಿಸಿದರು. ಒಂದೇ ಒಂದು ದಿನ ಮುಂಚೆ ಗೊತ್ತಾಗಿದ್ದರೂ ಕಥೆ ಬೇರೆ ಆಗುತ್ತಿತ್ತು, ಅಲ್ವಾ?

ತಡ ಯಾಕೆ ಆಯಿತು ಎಂದು ಕೇಳಿದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಿದರು. ಪ್ರಯೋಗಾಲಯದಲ್ಲಿ ಕೋವಿಡ್ ಹಬ್ಬಿತ್ತು, ಸಿಬ್ಬಂದಿ ಕಾಯಿಲೆ ಬಿದ್ದರು, ಕ್ವಾರಂಟೈನ್ ಆದರು, ಅದಕ್ಕೇ ತಡ ಅಂತ ಸ್ಟಾಕ್‌ಹೋಮ್‌ನಿಂದ ತಿಳಿಸಿದ್ದಾರೆ ಎಂದಿತು ರುಸಾಡಾ. ಇದು ಒಲಿಂಪಿಕ್ಸ್‌ಗೆ ಹೋಗುವವಳ ಮಾದರಿ, ಬೇಗ ನೋಡಿ ಅಂತ ರುಸಾಡಾ ಗುರುತು ಹಾಕಿ ಕಳಿಸಲೇ ಇಲ್ಲ ಎಂದಿರಿ ನೀವು. ಇಬ್ಬರ ಮಾತೂ ನಿಜವೇ ಇರಬಹುದು. ನಮ್ಮಲ್ಲಿ ಪಿಂಚಣಿ ಅರ್ಜಿಯೊಂದು ಯಾವುದೋ ಮೇಜಿನ ಮೇಲೆ ಮೂರು ತಿಂಗಳು ಮಲಗಿದರೆ ಇದೇ ಉತ್ತರ ಸಿಗುತ್ತದೆ, ಟಪಾಲಿನಲ್ಲಿ ತುರ್ತು ಅಂತ ಬರೆದಿರಲಿಲ್ಲ, ಆ ಸೆಕ್ಷನ್ನಿನವರು ರಜೆಯಲ್ಲಿದ್ದರು. ಅಂಥ ಉತ್ತರ ಕೇಳಿ ಕೇಳಿ ನಮಗೆ ರೂಢಿಯಾಗಿದೆ. ಆದರೆ ಇದು ಹಾಗಲ್ಲ. ಒಲಿಂಪಿಕ್ಸ್ ಯಾವತ್ತು ಅಂತ ಇಡೀ ಜಗತ್ತಿಗೆ ವರ್ಷಗಳ ಮೊದಲೇ ಗೊತ್ತಿತ್ತು. ರಷ್ಯಾದ ಮದ್ದು ತಡೆ ಸಂಸ್ಥೆಯ ಮೇಲೆ ಆಗಲೇ ಅನುಮಾನ ಇತ್ತು, ಅದು ನಿಯಮ ಪಾಲಿಸುತ್ತಿಲ್ಲ ಅಂತ ನೀವೇ ಘೋಷಿಸಿದ್ದಿರಿ, ಅದಕ್ಕೇ ಆ ದೇಶದ ಆಟಗಾರರು ತಮ್ಮ ಬಾವುಟ ಬಿಟ್ಟು ಆರ್‌ಓಸಿ (ರಷ್ಯಾದ ಒಲಿಂಪಿಕ್ ಸಮಿತಿ) ಅನ್ನುವ ಹೆಸರಿನಲ್ಲಿ ಆಡುತ್ತಿದ್ದರು. ಅಂಥ ಕಡೆಯಿಂದ, ಚಿನ್ನ ಗೆಲ್ಲುತ್ತಾಳೆ ಅಂತ ಎಲ್ಲರೂ ಹೇಳುತ್ತಿದ್ದ ಹುಡುಗಿಯ ಮಾದರಿ ಬಂದಾಗ, ಇದಿನ್ನೂ ಯಾಕೆ ಬಾಕಿ ಇದೆ ಎಂದು ಜನವರಿ ಕೊನೆಯಲ್ಲಿ ಒಬ್ಬರಾದರೂ ಕೇಳಲಿಲ್ಲವೇ?

ಸಿಕ್ಕಿದ ಔಷಧಿಯ ಹೆಸರು ಟ್ರೈಮೆಟಾಜಿಡಿನ್. ಈ ಹೆಸರು ಪೇಪರಿನಲ್ಲಿ ಓದಿದಾಗ ಎಲ್ಲೋ ನೋಡಿದ್ದೇನೆ ಅನಿಸಿತು. ಎದ್ದು ಹೋಗಿ ನಮ್ಮ ಮಾವನವರ ಮಾತ್ರೆ ಡಬ್ಬಿ ತೆಗೆದೆ. ಅಲ್ಲೇ ಇತ್ತು. ಎದೆನೋವಿಗೆ ದಿನಕ್ಕೆರಡು. ರಕ್ತದ ಓಟ ಕಡಿಮೆಯಾದಾಗ ಹೃದಯ ಕೊಬ್ಬಿನ ಬದಲು ಗ್ಲೂಕೋಸ್ ಉರಿಸಿಕೊಂಡು ಕೆಲಸ ಮಾಡುವ ಹಾಗೆ ನೋಡಿಕೊಳ್ಳುವ ಮಾತ್ರೆ ಅದು, ಅದಕ್ಕೇ 2014ರಿಂದ ನಿಮ್ಮ ನಿಷೇಧದ ಪಟ್ಟಿಯಲ್ಲಿದೆ. ವಲಿಯೆವಾಳ ಮಾದರಿಯಲ್ಲಿ ಒಂದು ಮಿಲಿಲೀಟರ್‌ಗೆ 2.1 ನ್ಯಾನೋಗ್ರಾಂ ಇತ್ತಂತೆ. ಒಂದು ಗ್ರಾಮನ್ನು ನೂರು ಕೋಟಿ ಭಾಗ ಮಾಡಿದರೆ ಬರುವುದು ಒಂದು ನ್ಯಾನೋಗ್ರಾಂ. ಅಜ್ಜನ ಹೃದಯದ ಮಾತ್ರೆಯಿಂದ ಹೇಗೋ ಸೇರಿಕೊಂಡಿತು ಅಂತ ಅವಳ ಕಡೆಯವರು ಹೇಳಿದರು. ನ್ಯಾಯಮಂಡಳಿ ಅದನ್ನು ಒಪ್ಪಲಿಲ್ಲ, ಸಾಕ್ಷಿ ಸಾಲದು ಎಂದಿತು. ಅವಳ ಮಾದರಿಯಲ್ಲಿ ಹೈಪಾಕ್ಸೆನ್, ಎಲ್-ಕಾರ್ನಿಟಿನ್ ಅನ್ನುವ ಇನ್ನೂ ಎರಡು ಇದ್ದವು. ಅವು ಹಾಗೆ ತೆಗೆದುಕೊಂಡರೆ ನಿಷೇಧ ಇಲ್ಲದವು, ಆದರೂ ಹೃದಯಕ್ಕೆ, ಉಸಿರಿಗೆ ಅಂತ ಜನ ತೆಗೆದುಕೊಳ್ಳುವಂಥವು. ಅಜ್ಜನ ಮಾತ್ರೆಯ ಕಥೆ ನಿಜವೋ ಸುಳ್ಳೋ ನನಗೆ ಬೇಡ. ಹದಿನೈದು ವರ್ಷದ ಮಗುವಿನ ಹೃದಯಕ್ಕೆ ಇಷ್ಟೊಂದು ಆರೈಕೆ ಯಾಕೆ ಬೇಕಿತ್ತು, ಯಾರು ಕೊಡುತ್ತಿದ್ದರು? ತಾಯಿಯಾಗಿ ನನಗೆ ಮೊದಲು ಬಂದ ಪ್ರಶ್ನೆ ಅದು. ನಿಮ್ಮ ವ್ಯವಸ್ಥೆ ಅದನ್ನು ಕೇಳಿದ್ದು ಕೊನೆಗೆ, ಅದೂ ಮೆಲ್ಲಗೆ.

ಮುಂದೆ ನಡೆದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ, ನಿಮಗೆಲ್ಲ ಗೊತ್ತಿರುವುದೇ. ಫೆಬ್ರವರಿ 8ಕ್ಕೆ ರುಸಾಡಾ ಅಮಾನತು ಮಾಡಿತು, 9ಕ್ಕೆ ಅದರದೇ ಸಮಿತಿ ಅಮಾನತು ತೆಗೆಯಿತು. ನೀವು, ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ, ಸ್ಕೇಟಿಂಗ್ ಒಕ್ಕೂಟ ಮೂವರೂ ಮೇಲ್ಮನವಿ ಹೋದಿರಿ. 14ರಂದು ಸಿಎಎಸ್‌ನ ಮೂವರು ತೀರ್ಪುಗಾರರು ಅವಳು ಆಡಬಹುದು ಎಂದರು. ಹದಿನಾರು ತುಂಬದವಳು, ನಿಮ್ಮ ನಿಯಮದಲ್ಲಿ ಅವಳು ರಕ್ಷಣೆಗೆ ಅರ್ಹಳು, ಫಲಿತಾಂಶ ತಡವಾದದ್ದು ಅವಳ ತಪ್ಪಲ್ಲ, ಈಗ ತಡೆದರೆ ಸರಿಪಡಿಸಲಾಗದ ನಷ್ಟ ಆಗುತ್ತದೆ, ಇವು ಅವರು ಕೊಟ್ಟ ಕಾರಣಗಳು. ಅವಳು ಮೊದಲ ಮೂರರಲ್ಲಿ ಬಂದರೆ ಪದಕ ಪ್ರದಾನವೇ ಇಲ್ಲ ಎಂದಿತು ಒಲಿಂಪಿಕ್ ಸಮಿತಿ. ಕೊನೆಯ ಸುತ್ತಿಗೆ 24 ಜನರ ಬದಲು 25 ಜನರನ್ನು ಬಿಟ್ಟರು, ಅವಳು ಲೆಕ್ಕಕ್ಕಿಲ್ಲ ಅನ್ನುವ ಹಾಗೆ. ಯೋಚಿಸಿ ನೋಡಿ. ಆಡು, ಆದರೆ ನೀನು ಗೆದ್ದರೆ ಯಾರಿಗೂ ಪದಕ ಇಲ್ಲ ಅಂತ ಹದಿನೈದರ ಹುಡುಗಿಗೆ ಹೇಳಿ ಹಿಮದ ಮೇಲೆ ಬಿಟ್ಟರು. ಅವಳು ಬಿದ್ದದ್ದರಲ್ಲಿ ಆಶ್ಚರ್ಯ ಏನಿದೆ?

ಅವತ್ತು ಯಾರೂ ಗೆಲ್ಲಲಿಲ್ಲ ಅನಿಸಿತು ನನಗೆ. ಚಿನ್ನ ಗೆದ್ದ ಅನ್ನಾ ಶೆರ್ಬಕೋವಾ ಒಬ್ಬಳೇ ಗೊಂಬೆ ಹಿಡಿದು ನಿಂತಿದ್ದಳು. ಬೆಳ್ಳಿ ಗೆದ್ದ ಅಲೆಕ್ಸಾಂಡ್ರಾ ಟ್ರುಸೋವಾ ಅಳುತ್ತಿದ್ದಳು. ಜಪಾನಿನ ಕಾವೋರಿ ಸಕಮೋಟೊ ಕಂಚು ಗೆದ್ದ ಸಂತೋಷ ಯಾರ ಕಣ್ಣಿಗೂ ಬೀಳಲಿಲ್ಲ. ಮರುದಿನ ಒಲಿಂಪಿಕ್ ಸಮಿತಿಯ ಆಗಿನ ಅಧ್ಯಕ್ಷ ಥಾಮಸ್ ಬಾಕ್ ಅವರೇ, ಆ ಹುಡುಗಿಯನ್ನು ಅವಳ ಕಡೆಯವರು ಬರಮಾಡಿಕೊಂಡ ರೀತಿ ನೋಡಿ ಮನಸ್ಸಿಗೆ ತುಂಬ ನೋವಾಯಿತು ಅನ್ನುವ ಅರ್ಥದಲ್ಲಿ ಮಾತಾಡಿದರು. ನೋವಾಗಿದ್ದು ನಿಜವೇ ಇರಬಹುದು. ಅದಾದ ಮೇಲೆ ಏನು ಮಾಡಿದರು?

ಏನೂ ಆಗಲಿಲ್ಲ ಎಂದು ಹೇಳಿದರೆ ತಪ್ಪಾಗುತ್ತದೆ. 2022ರ ಜೂನ್‌ನಲ್ಲಿ ಥಾಯ್ಲೆಂಡಿನ ಫುಕೆಟ್‌ನಲ್ಲಿ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಸೇರಿ, ಹಿರಿಯರ ಸ್ಪರ್ಧೆಗೆ ಕನಿಷ್ಠ ವಯಸ್ಸನ್ನು 15ರಿಂದ 17ಕ್ಕೆ ಏರಿಸಿತು. ಪರವಾಗಿ 100 ಮತ, ವಿರುದ್ಧ 16. ಒಳ್ಳೆಯ ಕೆಲಸ, ಮನಸಾರೆ ಹೊಗಳುತ್ತೇನೆ. ಆದರೆ ಅದು ಮಗುವಿಗೆ ಹಾಕಿದ ಬೇಲಿ. ಮಗುವಿನ ಸುತ್ತ ಇದ್ದ ದೊಡ್ಡವರಿಗೆ?

ಪ್ರಕರಣ ಎಳೆದಾಡುತ್ತಾ ಹೋಯಿತು. ರುಸಾಡಾದ ಸಮಿತಿ ತೀರ್ಮಾನ ಹೇಳುವ ಹೊತ್ತಿಗೆ 2023 ಬಂದಿತ್ತು, ಅದೂ ಅವಳದು ತಪ್ಪಿಲ್ಲ, ಡಿಸೆಂಬರ್ 25ರ ಫಲಿತಾಂಶ ಒಂದು ರದ್ದು ಮಾಡಿದರೆ ಸಾಕು ಅಂತ. ನೀವು ಮೇಲ್ಮನವಿ ಹೋದಿರಿ, ಹೋಗಬೇಕಿತ್ತು ಕೂಡ. ಸೆಪ್ಟೆಂಬರ್‌ನಲ್ಲಿ ವಿಚಾರಣೆ, ನಡುವೆ ನಿಂತು ಮತ್ತೆ ನವೆಂಬರ್‌ನಲ್ಲಿ. ತೀರ್ಪು ಬಂದದ್ದು 2024ರ ಜನವರಿ 29ಕ್ಕೆ. 2021ರ ಡಿಸೆಂಬರ್ 25ರಿಂದ ನಾಲ್ಕು ವರ್ಷ ನಿಷೇಧ, ಅವತ್ತಿನಿಂದ ಆಚೆಗಿನ ಎಲ್ಲ ಫಲಿತಾಂಶ ರದ್ದು. ಬೇಕೆಂದೇ ತೆಗೆದುಕೊಂಡದ್ದಲ್ಲ ಅಂತ ಸಾಬೀತು ಮಾಡಲು ಅವಳಿಂದ ಆಗಲಿಲ್ಲ, ಆ ಸಂದರ್ಭದಲ್ಲಿ ಮಗುವಿಗೆ ಬೇರೆ, ದೊಡ್ಡವರಿಗೆ ಬೇರೆ ಅಂತ ನಿಯಮದಲ್ಲಿ ಇಲ್ಲ ಎಂದರು.

ಇಲ್ಲೇ ನನಗೆ ತಡೆಯಲಾಗದ ಸಂಕಟ. ಆಡಲು ಬಿಡುವಾಗ ಅವಳು ಮಗು. ಶಿಕ್ಷೆ ಕೊಡುವಾಗ ದೊಡ್ಡವಳು. ಮಾದರಿ ಕೊಟ್ಟ ದಿನ ಅವಳಿಗೆ ಹದಿನಾರು ತುಂಬಲು ಇನ್ನೂ ನಾಲ್ಕು ತಿಂಗಳಿತ್ತು. ಆ ವಯಸ್ಸಿನ ಮಗು ಮಾತ್ರೆಯನ್ನು ತಾನೇ ಆರಿಸಿಕೊಳ್ಳುತ್ತದೆಯೇ? ನಮ್ಮ ಮನೆಯಲ್ಲಿ ಮಗಳು ನೆಗಡಿ ಮಾತ್ರೆಯನ್ನೂ ನನ್ನನ್ನು ಕೇಳದೆ ನುಂಗುವುದಿಲ್ಲ. ಕೋಚ್ ಹೇಳಿದರೆ ಮಾತ್ರ ನನ್ನನ್ನೂ ಕೇಳದೆ ನುಂಗುತ್ತಾಳೆ, ಅದೇ ನನ್ನ ಭಯ. ನಾಲ್ಕು ವರ್ಷದ ಶಿಕ್ಷೆಯನ್ನು ಅವಳು ಪೂರ್ತಿ ಅನುಭವಿಸಿದಳು, 2025ರ ಡಿಸೆಂಬರ್ 25ಕ್ಕೆ ಮುಗಿಯಿತು. ಫಿಗರ್ ಸ್ಕೇಟಿಂಗ್ ಮಾಡುವ ಹೆಣ್ಣುಮಗುವಿಗೆ ಹದಿನೈದರಿಂದ ಹತ್ತೊಂಬತ್ತು ಅಂದರೆ ಏನು ಅಂತ ನಾನು ನಿಮಗೆ ಹೇಳಬೇಕಿಲ್ಲ. ಅದೇ ಪ್ರಕರಣದಲ್ಲಿ ಒಬ್ಬ ಕೋಚ್‌ಗೆ, ಒಬ್ಬ ವೈದ್ಯರಿಗೆ, ಒಬ್ಬ ಅಧಿಕಾರಿಗೆ ಒಂದು ದಿನದ ನಿಷೇಧ ಆಗಿದ್ದನ್ನು ನಾನು ಎಲ್ಲೂ ಓದಲಿಲ್ಲ. ಮಗುವೊಂದು ಸಿಕ್ಕಿಬಿದ್ದರೆ ಅದರ ಸುತ್ತಲಿನ ದೊಡ್ಡವರ ಬಗ್ಗೆ ತನಿಖೆ ಆಗಲೇಬೇಕು ಅಂತ ನಿಮ್ಮ ಸಂಹಿತೆಯಲ್ಲೇ ಇದೆ. ಆ ತನಿಖೆ ಯಾರನ್ನು ಏನು ಕೇಳಿತು, ಏನು ಸಿಕ್ಕಿತು, ಏನು ಸಿಗಲಿಲ್ಲ, ಅದನ್ನು ನಮ್ಮಂಥವರು ಓದುವ ಹಾಗೆ ಜನರ ಮುಂದೆ ಇಡಬೇಕಿತ್ತು.

ಇನ್ನೊಂದು ಕಡೆಯವರ ಮಾತೂ ಹೇಳಬೇಕು, ಇಲ್ಲದಿದ್ದರೆ ಈ ಪತ್ರ ಅರ್ಧ ಆಗುತ್ತದೆ. ನಿಯಮ ಪಾಲಿಸಿ ಆಡಿದವರು. ಅಮೆರಿಕ ತಂಡದಲ್ಲಿ ನೇಥನ್ ಚೆನ್, ಕರೆನ್ ಚೆನ್, ವಿನ್ಸೆಂಟ್ ಝೌ, ಇನ್ನೂ ಆರು ಜನ. ಪದಕದ ಬದಲು ಅವರಿಗೆ ಬೀಜಿಂಗ್‌ನಲ್ಲಿ ಒಲಿಂಪಿಕ್ ಜ್ಯೋತಿಯ ಪಂಜುಗಳನ್ನು ಕೊಡುವ ಮಾತಾಡಿದರು. ನಿಜವಾದ ಪದಕ ಅವರ ಕೊರಳಿಗೆ ಬಿದ್ದದ್ದು 2024ರ ಆಗಸ್ಟ್ 7ಕ್ಕೆ, ಪ್ಯಾರಿಸ್‌ನಲ್ಲಿ, ಐಫೆಲ್ ಗೋಪುರದ ಎದುರು, ಬೇಸಿಗೆಯ ಒಲಿಂಪಿಕ್ಸ್ ನಡೆಯುವಾಗ. ಸ್ಪರ್ಧೆ ಮುಗಿದು 912 ದಿನ. ಜಪಾನಿನವರಿಗೆ ಬೆಳ್ಳಿ ಸಿಕ್ಕಿದ್ದೂ ಅವತ್ತೇ. ಅಷ್ಟರಲ್ಲಿ ಕೆಲವರು ಸ್ಪರ್ಧೆ ಬಿಟ್ಟಿದ್ದರು, ಓದಿಗೆ ಹೋಗಿದ್ದರು. ಗೆದ್ದ ದಿನ ವೇದಿಕೆ ಮೇಲೆ ನಿಂತು ನಿಮ್ಮ ದೇಶದ ಹಾಡು ಕೇಳುವುದಕ್ಕೂ, ಎರಡೂವರೆ ವರ್ಷ ಆದ ಮೇಲೆ ಕರೆಸಿ ಕೊಡುವುದಕ್ಕೂ ಎಷ್ಟು ವ್ಯತ್ಯಾಸ. ಮದುವೆ ಮನೆಯ ಊಟವನ್ನು ಮೂರನೇ ವರ್ಷಕ್ಕೆ ಡಬ್ಬಿಯಲ್ಲಿ ಕಳಿಸಿದ ಹಾಗೆ.

ಕೆನಡಾದವರ ಕಥೆ ಇನ್ನೂ ಬೇಸರದ್ದು. ವಲಿಯೆವಾ ತಂದುಕೊಟ್ಟ 20 ಅಂಕ ಕಳೆದಾಗ ರಷ್ಯಾದವರು 54ಕ್ಕೆ ಇಳಿದರು, ಕೆನಡಾ 53ರಲ್ಲಿತ್ತು. ಅವಳ ಜಾಗ ಖಾಲಿಯಾದರೆ ಹಿಂದಿದ್ದವರು ಒಂದೊಂದು ಸ್ಥಾನ ಮೇಲೆ ಬರಬೇಕಲ್ಲ, ಆಗ ನಮ್ಮ ಅಂಕ ಜಾಸ್ತಿ ಆಗುತ್ತದಲ್ಲ ಅಂತ ಕೆನಡಾದವರು ಕೇಳಿದರು. ಶಾಲೆಯ ಮಕ್ಕಳಿಗೂ ಹೊಳೆಯುವ ಪ್ರಶ್ನೆ. ಒಕ್ಕೂಟ ಹಾಗೆ ಮಾಡಲಿಲ್ಲ, ಸಿಎಎಸ್ ಮೇಲ್ಮನವಿ ತಳ್ಳಿಹಾಕಿತು, ಒಂದು ಅಂಕದಲ್ಲಿ ಕಂಚು ರಷ್ಯಾಕ್ಕೇ ಉಳಿಯಿತು. ಕಾನೂನು ಪ್ರಕಾರ ಸರಿ ಇರಬಹುದು. ಫಲಿತಾಂಶ ಜನವರಿ 18ಕ್ಕೆ ಬಂದಿದ್ದರೆ ಈ ಲೆಕ್ಕವನ್ನು ಯಾರೂ ಹಾಕಬೇಕಾಗಿಯೇ ಇರುತ್ತಿರಲಿಲ್ಲ.

ಇದೇ ಔಷಧಿ ಬೇರೆಯವರಲ್ಲೂ ಸಿಕ್ಕಿದೆ. 2021ರ ಆರಂಭದಲ್ಲಿ 23 ಚೀನೀ ಈಜುಗಾರರಲ್ಲಿ ಸಿಕ್ಕಿತ್ತು. ಹೋಟೆಲಿನ ಅಡುಗೆಮನೆಯಿಂದ ಬಂದದ್ದು ಅಂತ ಅವರ ದೇಶದ ಸಂಸ್ಥೆ ಹೇಳಿತು, ಯಾರನ್ನೂ ಅಮಾನತು ಮಾಡಲಿಲ್ಲ, ನೀವು ಮೇಲ್ಮನವಿ ಹೋಗಲಿಲ್ಲ, ಜಗತ್ತಿಗೆ ಗೊತ್ತಾದದ್ದು 2024ರ ಏಪ್ರಿಲ್‌ನಲ್ಲಿ. ನಿಮ್ಮ ನಿರ್ಧಾರದಲ್ಲಿ ತಪ್ಪಿಲ್ಲ ಅಂತ ಆಮೇಲೆ ನೇಮಿಸಿದ ಸ್ವಿಸ್ ಪ್ರಾಸಿಕ್ಯೂಟರ್ ವರದಿ ಕೊಟ್ಟರು, ಅದನ್ನೂ ಓದಿದ್ದೇನೆ. ಟೆನಿಸ್‌ನ ಇಗಾ ಶ್ವಿಯಾಂಟೆಕ್‌ಗೆ ನಿದ್ರೆ ಮಾತ್ರೆಯಲ್ಲಿ ಬೆರೆತಿತ್ತು ಅಂತ ಒಪ್ಪಿ ಒಂದು ತಿಂಗಳು ಕೊಟ್ಟರು. ಪ್ರತಿಯೊಂದಕ್ಕೂ ಅದರದೇ ಕಾರಣ ಇರಬಹುದು, ನಾನು ಒಂದನ್ನು ಇನ್ನೊಂದರ ಪಕ್ಕ ಇಟ್ಟು ತೂಗುವಷ್ಟು ತಿಳಿದವಳಲ್ಲ. ಆದರೆ ರಿಂಕಿನ ಕಟ್ಟೆ ಮೇಲೆ ಕೂತ ನಾವು ನಾಲ್ಕು ಅಮ್ಮಂದಿರು ಮಾತಾಡುವಾಗ ಬರುವ ಮಾತು ಒಂದೇ, ದೊಡ್ಡ ವಕೀಲರಿದ್ದರೆ, ಪರೀಕ್ಷೆ ಮಾಡಿಸಿ ಸಾಬೀತು ಮಾಡುವಷ್ಟು ದುಡ್ಡಿದ್ದರೆ ಬಚಾವಾಗಬಹುದು ಅಂತ. ಆ ಅನುಮಾನ ತೆಗೆಯುವುದು ನಿಮ್ಮ ಕೈಲಿದೆ.

ರಷ್ಯಾದ ಹುಡುಗಿಯ ಬಗ್ಗೆ ಮೈಸೂರಿನವಳಿಗೆ ಯಾಕೆ ಇಷ್ಟು ಚಿಂತೆ ಅಂತ ನೀವು ಕೇಳಬಹುದು. ನಮ್ಮ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ ಅವರನ್ನು ನಾವು ಮರೆತಿಲ್ಲ. 2010ರಲ್ಲಿ ದೆಹಲಿ ಕಾಮನ್‌ವೆಲ್ತ್ ಕೂಟದ ರಿಲೇಯಲ್ಲಿ ಚಿನ್ನ, ಅದೇ ವರ್ಷ ಗ್ವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಮತ್ತೆ ಚಿನ್ನ. ಹಳ್ಳಿಯಿಂದ ಬಂದ ಹುಡುಗಿ, ಇಡೀ ಕರ್ನಾಟಕ ಹೆಮ್ಮೆ ಪಟ್ಟಿತ್ತು. 2011ರಲ್ಲಿ ಪರೀಕ್ಷೆಯಲ್ಲಿ ಸ್ಟೆರಾಯ್ಡ್ ಸಿಕ್ಕಿತು. ಉಕ್ರೇನಿನ ಕೋಚ್ ಕೊಟ್ಟ ಜಿನ್ಸೆಂಗ್‌ನಿಂದ ಬಂತು ಅಂತ ಆಟಗಾರ್ತಿಯರು ಹೇಳಿದರು. ನಮ್ಮ ದೇಶದ ಸಮಿತಿ ಒಂದು ವರ್ಷ ನಿಷೇಧ ಹಾಕಿತು, ಸಿಎಎಸ್ ಅದನ್ನು ಎರಡು ವರ್ಷ ಮಾಡಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ಕೋಚ್ ಕೆಲಸ ಹೋಯಿತು, ಅವರು ತಮ್ಮ ದಾರಿ ಹಿಡಿದರು. ಊರಿನಲ್ಲಿ ತಲೆ ತಗ್ಗಿಸಿ ಓಡಾಡಬೇಕಾದದ್ದು ಹುಡುಗಿ. ಹನ್ನೊಂದು ವರ್ಷದ ನಂತರ ಬೀಜಿಂಗ್‌ನಲ್ಲಿ ನೋಡಿದಾಗ ನನಗೆ ಅದೇ ನೆನಪಾಯಿತು.

ಇವತ್ತಿನ ಲೆಕ್ಕ ನಿಮ್ಮದೇ ವರದಿಯಲ್ಲಿದೆ. 2024ರಲ್ಲಿ ಭಾರತದಲ್ಲಿ 7,113 ಮಾದರಿ ಪರೀಕ್ಷಿಸಿದರು, 260 ರಲ್ಲಿ ಮದ್ದು ಸಿಕ್ಕಿತು. ಮಕ್ಕಳ ಬಗ್ಗೆ ನೀವು ಮಾಡಿದ ಅಧ್ಯಯನದಲ್ಲಿ ಮೊದಲು ರಷ್ಯಾ, ಎರಡನೆಯದು ಭಾರತ. ಸಿಕ್ಕಿಬಿದ್ದ ಮಕ್ಕಳಲ್ಲಿ ಹನ್ನೆರಡು ವರ್ಷದವರೂ ಇದ್ದರು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ನನ್ನ ಮಗಳು ಆಗ ಆ ವಯಸ್ಸಿನ ಹತ್ತಿರವೇ ಇದ್ದಳು. ತಡದ ವಿಷಯದಲ್ಲೂ ನಮಗೆ ಅನುಭವ ಇದೆ. ದೆಹಲಿಯ ನಮ್ಮ ಪ್ರಯೋಗಾಲಯದ ಮಾನ್ಯತೆಯನ್ನು ನೀವು 2019ರ ಆಗಸ್ಟ್‌ನಲ್ಲಿ ತಡೆಹಿಡಿದಿರಿ, 2021ರ ಡಿಸೆಂಬರ್‌ವರೆಗೆ ನಮ್ಮ ಮಾದರಿಗಳು ಹೊರದೇಶಕ್ಕೆ ಹೋಗಬೇಕಾಯಿತು.

ಕಳೆದ ವರ್ಷ ಮಗಳನ್ನು ಒಂದು ಬೇಸಿಗೆ ಶಿಬಿರಕ್ಕೆ ಹಾಕಿದ್ದೆ. ಮೂರನೇ ದಿನ ಅವಳ ಬ್ಯಾಗಿನಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ ಸಿಕ್ಕಿತು. ಹೆಸರಿಲ್ಲ, ಚೀಟಿ ಇಲ್ಲ, ಒಳಗೆ ಕೇಸರಿ ಬಣ್ಣದ ಪುಡಿ. ಸುಸ್ತಾಗದೆ ಇರಲಿ ಅಂತ ಎಲ್ಲ ಮಕ್ಕಳಿಗೂ ಕೊಟ್ಟಿದ್ದಾರೆ ಅಂದಳು. ಅದರಲ್ಲಿ ಏನಿದೆ ಅಂತ ಹೋಗಿ ಕೇಳಿದೆ. ಸುಮ್ನೆ ಗ್ಲೂಕೋಸ್ ಮೇಡಂ, ಯಾಕೆ ಟೆನ್ಷನ್ ಮಾಡ್ಕೋತೀರಿ ಎಂದರು. ಗ್ಲೂಕೋಸೇ ಇರಬಹುದು. ನಾನು ಅವತ್ತೇ ಶಿಬಿರ ಬಿಡಿಸಿದೆ. ಮಗಳು ಎರಡು ದಿನ ಮಾತಾಡಲಿಲ್ಲ. ಉಳಿದ ಮಕ್ಕಳ ಅಪ್ಪ ಅಮ್ಮಂದಿರಲ್ಲಿ ಜಾಸ್ತಿ ಜನಕ್ಕೆ, ಕೇಳಬಹುದು ಅನ್ನುವುದೇ ಗೊತ್ತಿರಲಿಲ್ಲ.

ಆದ್ದರಿಂದ ಕೇಳಿಕೊಳ್ಳುತ್ತಿದ್ದೇನೆ. 2027ರ ಜನವರಿಯಿಂದ ನಿಮ್ಮ ಹೊಸ ಸಂಹಿತೆ ಜಾರಿಗೆ ಬರುತ್ತದೆ. ಅದರ ಜೊತೆಗೆ ಈ ಮಾತುಗಳನ್ನೂ ಗಟ್ಟಿ ಮಾಡಿ. ಹದಿನೆಂಟು ತುಂಬದ ಯಾರ ಮಾದರಿಯೇ ಆಗಲಿ, ಪ್ರಯೋಗಾಲಯಕ್ಕೆ ಬಂದ ದಿನವೇ ತುರ್ತು ಎಂದು ತಾನಾಗಿ ಗುರುತಾಗಬೇಕು, ಕಳಿಸುವವರು ಬರೆಯಲಿ ಬಿಡಲಿ. 20 ದಿನ ಅಂದರೆ 20 ದಿನ. ಆಗದಿದ್ದರೆ ಅವತ್ತೇ ನಿಮಗೆ ತಿಳಿಸಬೇಕು, ಮಾದರಿ ಬೇರೆ ಪ್ರಯೋಗಾಲಯಕ್ಕೆ ಹೋಗಬೇಕು. ಜಗತ್ತಿನಲ್ಲಿ ಸುಮಾರು 30 ಇವೆ, ಎಲ್ಲ ಕಡೆಯೂ ಒಟ್ಟಿಗೆ ಬಾಗಿಲು ಮುಚ್ಚಿರುವುದಿಲ್ಲ. ಒಲಿಂಪಿಕ್ಸ್‌ಗೆ ಹೋಗುವವರ ಹೆಸರಿನ ಎದುರು ಬಾಕಿ ಇರುವ ಪರೀಕ್ಷೆ ಯಾವುದು ಅಂತ ಕೂಟ ಶುರುವಾಗುವ ಮೊದಲು ಒಬ್ಬರು ಕೂತು ನೋಡಬೇಕು. ಇದಕ್ಕೆ ದೊಡ್ಡ ವಿಜ್ಞಾನ ಬೇಡ, ಒಂದು ರಿಜಿಸ್ಟರ್ ಸಾಕು. ಗಡುವು ಮೀರಿದ ಪ್ರಯೋಗಾಲಯಕ್ಕೂ, ಗುರುತು ಹಾಕದೆ ಕಳಿಸಿದ ಸಂಸ್ಥೆಗೂ ದಂಡ ಇರಲಿ. ತಡಮಾಡಿದ್ದಕ್ಕೆ ಇಲ್ಲಿವರೆಗೆ ಬೆಲೆ ಕೊಟ್ಟವರು ಆಟಗಾರರು ಮಾತ್ರ.

ಮಕ್ಕಳ ಪ್ರಕರಣದಲ್ಲಿ ವಿಚಾರಣೆ ಆರು ತಿಂಗಳು ಮೀರಬಾರದು. ಎರಡು ವರ್ಷ ಅಂದರೆ ಅವರ ಬಾಲ್ಯದಲ್ಲಿ ಉಳಿದದ್ದೆಲ್ಲ ಹೋಯಿತು ಅಂತಲೇ ಅರ್ಥ. ಮಗುವಿನ ಮೇಲೆ ಆರೋಪ ಬಂದ ದಿನವೇ ಕೋಚ್, ವೈದ್ಯ, ಫಿಸಿಯೋ ಎಲ್ಲರನ್ನೂ ತನಿಖೆ ಮುಗಿಯುವವರೆಗೆ ಬೇರೆ ಮಕ್ಕಳಿಂದ ದೂರ ಇಡಿ. ಆ ತನಿಖೆಯನ್ನು ಅದೇ ದೇಶದ ಸಂಸ್ಥೆಗೆ ಬಿಡಬೇಡಿ. ಮುಗಿದ ಮೇಲೆ ವರದಿಯನ್ನು ಪ್ರಕಟಿಸಿ, ಮಗುವಿನ ಹೆಸರು ಮುಚ್ಚಿಯಾದರೂ ಸರಿ. ಹದಿನಾರು ತುಂಬದವರಿಗೆ ಬೇಕೆಂದೇ ತೆಗೆದುಕೊಂಡಿಲ್ಲ ಅಂತ ಸಾಬೀತು ಮಾಡುವ ಹೊರೆ ಹೊರಿಸಬೇಡಿ. ಕೊಟ್ಟದ್ದು ಯಾರು ಅಂತ ಹುಡುಕುವ ಹೊರೆಯನ್ನು ನೀವು ಹೊರಿ.

ಮತ್ತೆ ನಮ್ಮಂಥವರಿಗಾಗಿ ಒಂದು. ಯಾವ ಮಾತ್ರೆ ಆಗದು, ಚೀಟಿ ಇಲ್ಲದ ಡಬ್ಬಿಯ ಪುಡಿಯನ್ನು ಯಾಕೆ ತಿನ್ನಬಾರದು, ಯಾರಾದರೂ ಕೊಟ್ಟರೆ ಯಾರಿಗೆ ಫೋನ್ ಮಾಡಬೇಕು, ಇಷ್ಟನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆಸಿಕೊಡಿ. ನಮ್ಮ ದೇಶದ ಮದ್ದು ತಡೆ ಸಂಸ್ಥೆ ನಾಡಾ ಮೂಲಕವೇ ಆಗಲಿ. ಮೈಸೂರಿನ ರಿಂಕುಗಳಲ್ಲಿ ಅದನ್ನು ಅಂಟಿಸುವ ಕೆಲಸ ನಾನು ಮಾಡುತ್ತೇನೆ, ಖರ್ಚು ನನ್ನದೇ.

ಈ ಪತ್ರಕ್ಕೆ ಉತ್ತರ ಬರೆಯುವ ಮನಸ್ಸಾದರೆ ಎಲ್ಲದಕ್ಕೂ ಉತ್ತರ ಬೇಡ, ಒಂದಕ್ಕೆ ಸಾಕು. ಜನವರಿ 18ರಿಂದ ಫೆಬ್ರವರಿ 8ರವರೆಗೆ, 21 ದಿನ, ಆ ಸೀಸೆ ಸ್ಟಾಕ್‌ಹೋಮ್‌ನಲ್ಲಿ ಕೂತಿತ್ತಲ್ಲ, ಆ ದಿನಗಳಿಗೆ ಹೊಣೆ ಯಾರು? ಹೆಸರು ಬೇಡ, ಹುದ್ದೆ ಹೇಳಿದರೂ ಆಯಿತು.

ಇಂತಿ ತಮ್ಮ ಉತ್ತರಕ್ಕೆ ಕಾಯುತ್ತಿರುವ,
ಸ್ಕೇಟಿಂಗ್ ಕಲಿಯುವ ಹುಡುಗಿಯೊಬ್ಬಳ ತಾಯಿ
ಮೈಸೂರು